ಸುಣ್ಣದ ಕಲ್ಲು, ಸಿಹಿನೀರು: ಅಮ್ಮನ ಜೊತೆ ಮಾಯಾ ನಾಡಿನಲ್ಲಿ ಮೂರು ದಿನ

"ಈ ಊರಲ್ಲಿ ಹೊಳೆಯೇ ಇಲ್ವಾ?"

ಬಸ್ಸಿನ ಕಿಟಕಿಗೆ ಮುಖ ಇಟ್ಟುಕೊಂಡು ಕೂತಿದ್ದ ಅಮ್ಮ ಕೇಳಿದಳು. ಮೆಕ್ಸಿಕೋದ ಕಡಲತೀರದ ಊರು ಕ್ಯಾನ್‌ಕುನ್ ಬಿಟ್ಟು ಎರಡು ಗಂಟೆಯಾಗಿತ್ತು. ರಸ್ತೆಯ ಎರಡೂ ಬದಿ ಕಾಡು. ಎತ್ತರದ ಕಾಡಲ್ಲ, ಆದರೆ ಒತ್ತಾದ ಹಸಿರು. ಅಷ್ಟು ಹಸಿರು ನೋಡಿ ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅಮ್ಮ ಪುತ್ತೂರಿನ ಹತ್ತಿರದ ಹಳ್ಳಿಯವಳು. ನಮ್ಮ ಕಡೆ ಬಸ್ಸಿನಲ್ಲಿ ಹತ್ತು ಕಿಲೋಮೀಟರ್ ಹೋದರೆ ಒಂದು ತೋಡಾದರೂ ದಾಟಲೇಬೇಕು. ಇಲ್ಲಿ ನೂರೈವತ್ತು ಕಿಲೋಮೀಟರ್‌ನಲ್ಲಿ ಒಂದು ಹೊಳೆ ಇಲ್ಲ, ಹಳ್ಳ ಇಲ್ಲ, ಕೆರೆ ಇಲ್ಲ. "ಮತ್ತೆ ಇಷ್ಟು ಮರ ಎಲ್ಲಿಂದ ನೀರು ಕುಡೀತದೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು 2019ರ ಫೆಬ್ರುವರಿ. ಅಮ್ಮನಿಗೆ ಆಗ 67. ಹ್ಯೂಸ್ಟನ್‌ನ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಅಮೆರಿಕದ ವೀಸಾ ಇದ್ದರೆ ನಮ್ಮವರಿಗೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಹಾಗಾಗಿ ಒಂದು ಶುಕ್ರವಾರ ಬೆಳಗ್ಗೆ ನಾವಿಬ್ಬರೇ ಹೊರಟೆವು.

ಮೂರು ವರ್ಷದ ಹಿಂದೆ ನಾನು ಗೆಳತಿಯರ ಜೊತೆ ಇದೇ ಕಡೆ ಬಂದಿದ್ದೆ. ಸಮುದ್ರದ ಬದಿಯ ಹೋಟೆಲಿನಿಂದ ದೊಡ್ಡ ಬಸ್ಸು. ಐವತ್ತು ಜನ. ದಿನಪೂರ್ತಿ ಬಸ್ಸಿನಲ್ಲೇ ಕಳೆದು, ಪಿರಮಿಡ್ ಎದುರು ಒಂದೂವರೆ ಗಂಟೆ, ಊಟಕ್ಕೊಂದು ಗಂಟೆ, ಈಜಲು ಅರ್ಧ ಗಂಟೆ. ಸೀಟಿ ಊದಿದ ಕೂಡಲೇ ನೀರಿನಿಂದ ಮೇಲೆ ಬರಬೇಕು. ವಾಪಸು ಬಂದ ಮೇಲೆ ಫೋಟೋ ಬಿಟ್ಟರೆ ಏನೂ ಉಳಿದಿರಲಿಲ್ಲ. ಅಮ್ಮನನ್ನು ಹಾಗೆ ಕರೆದುಕೊಂಡು ಹೋಗಲು ಮನಸ್ಸಿರಲಿಲ್ಲ. ಅದಕ್ಕೇ ಈ ಸಲ ಒಳನಾಡಿನ ಚಿಕ್ಕ ಊರು ವಯ್ಯಾದೊಲಿದ್‌ನಲ್ಲಿ ಉಳಿದು, ಅಲ್ಲಿಂದ ಸಣ್ಣ ವ್ಯಾನಿನಲ್ಲಿ ಒಂದು ದಿನದ ಪ್ರವಾಸ ಗೊತ್ತುಮಾಡಿದ್ದೆ. ನೀವು ಹೋಗುವುದಾದರೆ ನಾನು ಹೇಳುವುದೂ ಅದನ್ನೇ. ಸಮುದ್ರದ ಬದಿ ಉಳಿಯಬೇಡಿ, ಒಳಗೆ ಬನ್ನಿ.

ಮೊದಲ ದಿನ

ಕ್ಯಾನ್‌ಕುನ್‌ನಿಂದ ವಯ್ಯಾದೊಲಿದ್‌ಗೆ ಸುಮಾರು 160 ಕಿಲೋಮೀಟರ್. ಆಡೋ ಎಂಬ ಬಸ್ಸುಗಳು ಓಡುತ್ತವೆ, ಆರಾಮಾಗಿವೆ. ದಾರಿಯಲ್ಲಿ ರಾಜ್ಯದ ಗಡಿ ದಾಟುವಾಗ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ, ಬಸ್ಸು ತಪ್ಪುವುದು ಇಲ್ಲಿಯೇ.

ಸಂಜೆ ಊರಿನ ಚೌಕದಲ್ಲಿ ಕೂತೆವು. ಅಲ್ಲಿನ ಬಿಳಿ ಬೆಂಚುಗಳು ಇಬ್ಬರು ಎದುರುಬದುರಾಗಿ ಕೂತು ಮಾತಾಡುವ ಹಾಗೆ ಬಳುಕಿಸಿ ಕಟ್ಟಿದವು. ಎದುರಿಗೆ ದೊಡ್ಡ ಚರ್ಚು. ಬಿಳಿ ಬಟ್ಟೆಗೆ ಕತ್ತಿನ ಸುತ್ತ ಬಣ್ಣದ ಹೂವಿನ ಕಸೂತಿ ಹಾಕಿದ 'ಉಯಿಪಿಲ್' ತೊಟ್ಟ ಹೆಂಗಸರು ಕಟ್ಟೆಯ ಮೇಲೆ ಕೂತು ಮಾರುತ್ತಿದ್ದರು. ಅಮ್ಮ ಒಂದನ್ನು ತಿರುವಿ ಹಿಂಬದಿಯ ದಾರ ನೋಡಿದಳು. "ಕೈಕೆಲಸವೇ" ಅಂದಳು. ಗಂಟುಗಳು ಮುಂಬದಿಯಷ್ಟೇ ನೀಟಾಗಿದ್ದವು.

ಈ ಊರಿನ ಹಳೆಯ ಹೆಸರು ಸಾಕಿ. ಸ್ಪೇನಿನವರು ಬರುವ ಮೊದಲಿನಿಂದಲೂ ಇಲ್ಲೇ ಇರುವ ಮಾಯಾ ಜನರ ಊರು. 1545ರಲ್ಲಿ ಸ್ಪೇನಿನವರು ಅದರ ಮೇಲೆಯೇ ತಮ್ಮ ಊರು ಕಟ್ಟಿ ತಮ್ಮ ದೇಶದ ಊರಿನ ಹೆಸರಿಟ್ಟರು. ಮುನ್ನೂರು ವರ್ಷದ ಮೇಲೆ, 1847ರಲ್ಲಿ, ಈ ಸೀಮೆಯಲ್ಲೇ ಮಾಯಾ ರೈತರ ದೊಡ್ಡ ಬಂಡಾಯ ಶುರುವಾಯಿತು. ಅದು ಪೂರ್ತಿ ತಣ್ಣಗಾಗಲು ಅರ್ಧ ಶತಮಾನ ಬೇಕಾಯಿತು. ಶಾಲೆಯಲ್ಲಿ ನಾವು ಮಾಯಾ ಎಂದರೆ ಮಾಯವಾದ ಜನ ಎಂಬ ಹಾಗೆ ಓದಿದ್ದೆವು ಅಲ್ವಾ? ನಮ್ಮ ಭಾಷೆಯಲ್ಲಿ ಆ ಹೆಸರೇ ಹಾಗೆ ಕೇಳಿಸುತ್ತದೆ. ಆದರೆ ಚೌಕದಲ್ಲಿ ನಮ್ಮ ಸುತ್ತ ಕೂತಿದ್ದ ಅರ್ಧದಷ್ಟು ಜನ ಆಡುತ್ತಿದ್ದದ್ದು ಸ್ಪ್ಯಾನಿಷ್ ಅಲ್ಲ, ಮಾಯಾ ಭಾಷೆಯನ್ನೇ. ಈ ಭಾಷೆಯನ್ನು ಇಂದಿಗೂ ಏಳು ಲಕ್ಷಕ್ಕಿಂತ ಜಾಸ್ತಿ ಜನ ಮಾತಾಡುತ್ತಾರೆ.

ಎರಡನೇ ದಿನ

ಬೆಳಗ್ಗೆ ಏಳೂವರೆಗೆ ವ್ಯಾನ್ ಬಂತು. ನಾವಿಬ್ಬರು, ಕೆನಡಾದ ಒಂದು ಹಿರಿಯ ಜೋಡಿ, ಇಬ್ಬರು ಕಾಲೇಜು ಹುಡುಗಿಯರು. ಗೈಡ್ ಐವತ್ತು ದಾಟಿದವರು, ಹತ್ತಿರದ ಹಳ್ಳಿಯ ಮಾಯಾ ಮನೆತನದವರು. ಮೊದಲು ನಮಗೊಂದು ಮಾತು ಕಲಿಸಿದರು. "ಬಿಷ್ ಅ ಬೇಲ್." ಹೇಗಿದ್ದೀರಿ ಎಂದು ಕೇಳುವ ಬಗೆ. ಅಕ್ಷರಶಃ ಅರ್ಥ, 'ನಿನ್ನ ದಾರಿ ಹೇಗಿದೆ?' ಉತ್ತರ "ಮಾಲೋಬ್", ಚೆನ್ನಾಗಿದೆ. ಅಮ್ಮ ದಿನವಿಡೀ ಸಿಕ್ಕವರಿಗೆಲ್ಲ ಅದನ್ನೇ ಹೇಳಿದಳು. ಹೇಳಿಸಿಕೊಂಡವರ ಮುಖ ಅರಳುತ್ತಿತ್ತು.

ವ್ಯಾನ್ ಹೊರಟ ಕೂಡಲೇ ಅಮ್ಮ ತನ್ನ ಪ್ರಶ್ನೆ ಕೇಳಿಸಿದಳು. ಹೊಳೆ ಎಲ್ಲಿ?

ಗೈಡ್ ನಕ್ಕು ಕಾಲಿನ ಕೆಳಗೆ ಬೆರಳು ತೋರಿಸಿದರು. ಯುಕಟಾನ್ ಎಂಬ ಈ ಇಡೀ ಪರ್ಯಾಯ ದ್ವೀಪ ಒಂದು ಸುಣ್ಣದ ಕಲ್ಲಿನ ಹಾಸು. ಒಂದು ಕಾಲದಲ್ಲಿ ಸಮುದ್ರದ ತಳವಾಗಿತ್ತು. ಮಳೆ ಬಿದ್ದರೆ ನೀರು ನಿಲ್ಲುವುದಿಲ್ಲ, ಹರಿಯುವುದೂ ಇಲ್ಲ. ಕಲ್ಲಿನ ಬಿರುಕಿನಲ್ಲಿ ಸೀದಾ ಇಳಿದು ಹೋಗುತ್ತದೆ. ಇಳಿಯುತ್ತ ಕಲ್ಲನ್ನು ಕರಗಿಸುತ್ತದೆ. ನೆಲದಡಿ ಗವಿಗಳಾಗುತ್ತವೆ, ಗವಿಗಳಲ್ಲಿ ಹೊಳೆಗಳು ಹರಿಯುತ್ತವೆ. ಎಲ್ಲಿ ಗವಿಯ ಮಾಡು ಕುಸಿಯುತ್ತದೋ ಅಲ್ಲಿ ನೀರು ಕಾಣುತ್ತದೆ. ಅದನ್ನು ಮಾಯಾ ಭಾಷೆಯಲ್ಲಿ 'ತ್ಸೊನೋಟ್' ಅನ್ನುತ್ತಾರೆ, ಸ್ಪೇನಿನವರ ಬಾಯಲ್ಲಿ ಅದು 'ಸೆನೋಟೆ' ಆಯಿತು. ಹಳೆಯ ಊರುಗಳೆಲ್ಲ ಇಂಥ ನೀರು ಸಿಕ್ಕಿದ ಕಡೆಯೇ ಬೆಳೆದವು.

"ಹೊಳೆ ಉಂಟು, ಅಡಿಯಲ್ಲಿ ಉಂಟು" ಎಂದು ಅಮ್ಮ ತನಗೇ ಹೇಳಿಕೊಂಡಳು. ಅವಳಿಗೆ ಸಮಾಧಾನವಾಯಿತು.

ಎಕ್ ಬಲಾಮ್ ವಯ್ಯಾದೊಲಿದ್‌ನಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿ. ಮಾಯಾ ಜನರ ಹಳೆಯ ಊರು, ಈಗ ಪಾಳು. ಹೆಸರಿನ ಅರ್ಥ ಕರಿ ಜಾಗ್ವಾರ್. ನಾವು ಹೋದಾಗ ಇನ್ನೂ ಬಾಗಿಲು ತೆರೆದಷ್ಟೇ, ಹುಲ್ಲಿನ ಮೇಲೆ ಇಬ್ಬನಿ. ಊರಿಗೆ ಬರುವ ಹಳೆಯ ದಾರಿ ಒಂದು ಕಮಾನಿನ ಕೆಳಗೆ ಹಾದು ಬರುತ್ತದೆ. ಆ ದಾರಿಗೆ 'ಸಕ್‌ಬೆ', ಅಂದರೆ ಬಿಳಿ ದಾರಿ ಎಂದು ಹೆಸರು. ಕಲ್ಲು ತುಂಬಿ, ಮೇಲೆ ಸುಣ್ಣದ ಗಾರೆ ಬಡಿದು ಮಾಡಿದ ದಾರಿ. ರಾತ್ರಿ ತಿಂಗಳ ಬೆಳಕಲ್ಲೂ ಕಾಣುತ್ತಿತ್ತಂತೆ. ಇಲ್ಲಿಂದ ಆಗ್ನೇಯಕ್ಕಿರುವ ಕೊಬಾ ಎಂಬ ಊರಿನಿಂದ ಇಂಥ ಒಂದು ದಾರಿ ನೂರು ಕಿಲೋಮೀಟರ್ ದೂರ ಹೋಗಿದೆ. ಚಕ್ರದ ಗಾಡಿ ಇಲ್ಲ, ಎಳೆಯಲು ಎತ್ತು ಕುದುರೆ ಇಲ್ಲ. ಕಾಲ್ನಡಿಗೆಗೆಂದೇ ಅಷ್ಟು ದೊಡ್ಡ ರಸ್ತೆ.

ಅಮ್ಮ ಗೋಡೆಯ ಒಂದು ಕಲ್ಲಿನ ಹತ್ತಿರ ನಿಂತುಬಿಟ್ಟಳು. "ಇಲ್ಲಿ ನೋಡು." ಕಲ್ಲಿನಲ್ಲಿ ಒಂದು ಚಿಪ್ಪು. ಅರ್ಧ ಬೆರಳಿನಷ್ಟು ಅಗಲ, ಗೆರೆಗಳು ಸ್ಪಷ್ಟ. ಪಕ್ಕದಲ್ಲಿ ಇನ್ನೊಂದು, ಅದರ ಮೇಲೆ ಮತ್ತೊಂದು. "ನಮ್ಮ ಮರುವಾಯಿ ಚಿಪ್ಪಿನ ಹಾಗೇ ಉಂಟಲ್ಲ!" ಕರಾವಳಿಯಲ್ಲಿ ಈ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಗೋಡೆಗೂ ಅದೇ, ಎಲೆಗೂ ಅದೇ. ಅಮ್ಮ ಕೈಸನ್ನೆಯಲ್ಲಿ ಚಿಪ್ಪು, ಬೆಂಕಿ, ಎಲೆಗೆ ಸುಣ್ಣ ಸವರುವುದು ಎಲ್ಲ ಮಾಡಿ ತೋರಿಸಿದಳು. ಗೈಡ್‌ಗೆ ತಕ್ಷಣ ಅರ್ಥವಾಯಿತು. ಇಲ್ಲೂ ಹಾಗೆಯೇ, ಚಿಪ್ಪಿನ ಬದಲು ಈ ಕಲ್ಲೇ. ಹಸಿ ಕಟ್ಟಿಗೆಯನ್ನು ವೃತ್ತವಾಗಿ ಒಟ್ಟಿ, ಮೇಲೆ ಕಲ್ಲು ಪೇರಿಸಿ ಸುಡುತ್ತಾರೆ. ಬೂದಿಯ ನಡುವೆ ಬಿಳಿ ಹುಡಿ ಉಳಿಯುತ್ತದೆ. ಪಿರಮಿಡ್‌ಗಳ ಗಾರೆ, ಗೋಡೆಯ ಶಿಲ್ಪ, ಬಿಳಿ ದಾರಿ, ಎಲ್ಲವೂ ಆ ಹುಡಿಯಿಂದಲೇ.

ಅಲ್ಲಿಂದ ಮುಂದೆ ಅವರಿಬ್ಬರ ಮಧ್ಯೆ ನಾನು ಬರೀ ಅನುವಾದಕಿ. ಅವರು ಅಮ್ಮನನ್ನು 'ದೋನ್ಯಾ' ಎಂದು ಗೌರವದಿಂದ ಕರೆದರು. ಅಮ್ಮನಿಗೆ ಅವರು 'ಆ ಅಣ್ಣ' ಆದರು.

ಎಕ್ ಬಲಾಮ್‌ನ ದೊಡ್ಡ ಕಟ್ಟಡ ಸುಮಾರು ಮೂವತ್ತು ಮೀಟರ್ ಎತ್ತರ. ಆಗ ಹತ್ತಲು ಬಿಡುತ್ತಿದ್ದರು. ಈ ನಿಯಮ ಆಗಾಗ ಬದಲಾಗುತ್ತದೆ, ಹೋಗುವ ಮೊದಲು ವಿಚಾರಿಸಿ. ಮೆಟ್ಟಿಲು ಕಿರಿದು, ಕಡಿದು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕವಾಗಿ ತಿರುಗಿ, ಒಂದೊಂದೇ ಮೆಟ್ಟಿಲು ಹತ್ತಿದಳು. ಮೇಲಿನವರೆಗೆ ಬೇಡ ಅಂದೆ. ಮುಕ್ಕಾಲು ದಾರಿಯಲ್ಲಿ ಒಂದು ಬಾಗಿಲಿದೆ, ಅಷ್ಟು ಸಾಕು.

ಆ ಬಾಗಿಲನ್ನು ನಾನು ಮರೆಯಲಾರೆ. ಅದು ದೊಡ್ಡದೊಂದು ಪ್ರಾಣಿಯ ತೆರೆದ ಬಾಯಿ. ಕೆಳದವಡೆಯ ಕೋರೆಹಲ್ಲುಗಳು ಸಾಲಾಗಿ ಮೇಲೆದ್ದಿವೆ. ಒಳಗೆ ಹೋಗಬೇಕಾದರೆ ಹಲ್ಲು ದಾಟಿಯೇ ಹೋಗಬೇಕು. ಬಾಯಿಯ ಮೇಲೆ, ಅಕ್ಕಪಕ್ಕದಲ್ಲಿ ಮನುಷ್ಯರ ಆಕೃತಿಗಳು. ಕೆಲವರ ಬೆನ್ನಿಗೆ ರೆಕ್ಕೆಯಂಥ ಅಲಂಕಾರ. ಒಬ್ಬನ ಸೊಂಟಪಟ್ಟಿಯ ನೇಯ್ಗೆ ಎಳೆ ಎಳೆಯಾಗಿ ಕಾಣುತ್ತದೆ. ಎಲ್ಲವೂ ಸುಣ್ಣದ ಗಾರೆಯಲ್ಲಿ ಕೈಯಿಂದ ತಿದ್ದಿದ್ದು. ಇದು ಉಕಿತ್ ಕನ್ ಲೆಕ್ ತೋಕ್ ಎಂಬ ಅರಸನ ಸಮಾಧಿ. ಅವನು 770ರಲ್ಲಿ ಪಟ್ಟಕ್ಕೆ ಬಂದವನು. ಅವನನ್ನು ಒಳಗಿಟ್ಟ ಮೇಲೆ ಅವನ ಜನರೇ ಈ ಮುಂಭಾಗವನ್ನು ಕಲ್ಲುಮಣ್ಣು ತುಂಬಿ ಮುಚ್ಚಿದರು. ಅದಕ್ಕೇ ಸಾವಿರದ ಇನ್ನೂರು ವರ್ಷ ಮಳೆಗೆ ಕರಗದೆ ಉಳಿಯಿತು. ಅಗೆದು ತೆಗೆದದ್ದು ಇತ್ತೀಚೆಗೆ, 1990ರ ದಶಕದ ಕೊನೆಯಲ್ಲಿ. ಈಗ ಮೇಲೆ ಗರಿಯ ಚಪ್ಪರ ಹಾಕಿದ್ದಾರೆ.

ಅಮ್ಮ ಮುಟ್ಟಲಿಲ್ಲ. ಹಗ್ಗದ ಈಚೆ ನಿಂತು ಬಹಳ ಹೊತ್ತು ನೋಡಿದಳು. "ಒದ್ದೆ ಸುಣ್ಣ ಬೇಗ ಗಟ್ಟಿಯಾಗ್ತದೆ. ಇಷ್ಟು ಸಣ್ಣ ಕೆಲಸ ಮಾಡಿದವರ ಕೈ ಎಷ್ಟು ಚುರುಕಿರಬೇಕು" ಅಂದಳು. ಮನೆಯ ಗೋಡೆಗೆ ಸುಣ್ಣ ಬಳಿದವಳಿಗೆ ಮಾತ್ರ ಹೊಳೆಯುವ ಮಾತು ಅದು.

ನಾನೊಬ್ಬಳೇ ತುದಿಗೆ ಹೋಗಿ ಬಂದೆ. ನಾಲ್ಕೂ ದಿಕ್ಕಿಗೆ ಚಾಪೆ ಹಾಸಿದಂಥ ಕಾಡು. ಒಂದು ಗುಡ್ಡ ಇಲ್ಲ. ಎಲ್ಲೋ ಒಂದೆರಡು ಉಬ್ಬು ಕಂಡರೆ ಅದು ಇನ್ನೂ ಅಗೆಯದ ಹಳೆಯ ಕಟ್ಟಡ.

ಅಲ್ಲಿಂದ ಹಳ್ಳಿಯ ಒಂದು ಮನೆಗೆ. ಇಂಥ ಭೇಟಿಗಳ ಬಗ್ಗೆ ನನಗೆ ಅಳುಕಿತ್ತು. ದುಡ್ಡು ಕೊಟ್ಟವರೆದುರು ಯಾರದೋ ಬದುಕನ್ನು ನಾಟಕದ ಹಾಗೆ ಆಡಿ ತೋರಿಸುತ್ತಾರೇನೋ ಎಂಬ ಅಳುಕು. ಆದರೆ ನಾವು ಹೋದಾಗ ಆ ಮನೆಯ ಅಜ್ಜಿ ತನ್ನ ಪಾಡಿಗೆ ಅಡುಗೆಯಲ್ಲಿದ್ದಳು. ಮೊಮ್ಮಕ್ಕಳು ಅವಳನ್ನು 'ಚಿಚ್' ಎಂದು ಕರೆಯುತ್ತಿದ್ದರು. ನಾವೂ ಹಾಗೇ ಕರೆದೆವು. ಮನೆ ಮೊಟ್ಟೆಯಾಕಾರದ್ದು, ಮೂಲೆಗಳೇ ಇಲ್ಲ. ಕೋಲು ನೆಟ್ಟು ಮಣ್ಣು ಮೆತ್ತಿದ ಗೋಡೆ, ಮೇಲೆ ತಾಳೆಜಾತಿಯ ಗರಿಯ ಮಾಡು. ಮಂಚ ಇಲ್ಲ, ನೇತುಹಾಕುವ ಜೋಲಿಗಳು ಹಗಲು ಗಂಟುಕಟ್ಟಿ ಗೋಡೆಗೆ ಸಿಕ್ಕಿಸಿದ್ದವು. ಇಂಥದೇ ಮನೆಯ ಚಿತ್ರ ಸಾವಿರ ವರ್ಷ ಹಳೆಯ ಕಲ್ಲಿನ ಕಟ್ಟಡಗಳ ಮೇಲೂ ಕೆತ್ತಿದೆ.

ಹಿಂದಿನ ಚಪ್ಪರದಲ್ಲಿ ಮೂರು ಕಲ್ಲಿನ ಒಲೆ. ಅಮ್ಮ ಕೇಳದೆಯೇ ಒಲೆಯ ಪಕ್ಕ ಕೂತಳು.

ಅಜ್ಜಿಯ ಮುಂದೆ ಒಂದು ಬಕೆಟ್. ಅದರಲ್ಲಿ ಮುಸುಕಿನ ಜೋಳ. ಹಿಂದಿನ ಸಂಜೆ ಸುಣ್ಣ ಹಾಕಿದ ನೀರಿನಲ್ಲಿ ಕುದಿಸಿ, ರಾತ್ರಿ ಹಾಗೇ ಬಿಟ್ಟದ್ದು. ನೀರು ಹಳದಿಯಾಗಿತ್ತು. ಅಜ್ಜಿ ಒಂದು ಹಿಡಿ ತೆಗೆದು ಎರಡೂ ಅಂಗೈ ನಡುವೆ ಉಜ್ಜಿದಳು. ಕಾಳಿನ ಸಿಪ್ಪೆ ಲೋಳೆಯಾಗಿ ಜಾರಿ ಬಂತು, ಒಳಗಿನ ಕಾಳು ಮುತ್ತಿನ ಹಾಗೆ ಬೆಳ್ಳಗೆ ಉಳಿಯಿತು. ಅಮ್ಮನೂ ಕೈ ಹಾಕಿದಳು. ನಾನೂ ಹಾಕಿದೆ. ಬೆರಳಿಗೆ ಸಾಬೂನಿನ ಹಾಗೆ ನುಣುಪು. ಮೂಗಿಗೆ ಹಬ್ಬಕ್ಕೆ ಮೊದಲು ಸುಣ್ಣ ಬಳಿದ ಗೋಡೆಯ ವಾಸನೆ. ಮನುಷ್ಯರನ್ನು ದೇವರು ಜೋಳದ ಹಿಟ್ಟಿನಿಂದ ಮಾಡಿದ ಎಂದು ಮಾಯಾ ಜನ ನಂಬುತ್ತಾರೆ. ಆ ಬಕೆಟ್ ನೋಡಿದರೆ ನಂಬಬೇಕು ಅನಿಸುತ್ತದೆ.

ಸುಣ್ಣ ಬರೀ ಸಿಪ್ಪೆ ಬಿಡಿಸಲು ಅಲ್ಲ. ಜೋಳದೊಳಗೆ ಕಟ್ಟಿಕೊಂಡಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣದಲ್ಲಿ ಬೆಂದಾಗ ಬಿಡುಗಡೆಯಾಗುತ್ತದೆ. ಮೈಗೆ ಸುಣ್ಣದ ಅಂಶವೂ ಸಿಗುತ್ತದೆ. ಯೂರೋಪಿನವರು ಜೋಳವನ್ನು ತಮ್ಮ ಊರಿಗೆ ಒಯ್ದರು, ಈ ಅಜ್ಜಿಯರ ವಿದ್ಯೆಯನ್ನು ಒಯ್ಯಲಿಲ್ಲ. ಇಟಲಿ, ಸ್ಪೇನ್‌ಗಳಲ್ಲಿ ಜೋಳವೊಂದನ್ನೇ ತಿಂದ ಬಡವರು ಪೆಲಾಗ್ರಾ ಎಂಬ ರೋಗಕ್ಕೆ ಬಿದ್ದರು. ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಂತೂ ಇಪ್ಪತ್ತನೇ ಶತಮಾನದವರೆಗೂ ಇದಿತ್ತು. ಒಂದು ಹಿಡಿ ಸುಣ್ಣದ ಕೊರತೆ!

ಅರೆದ ಹಿಟ್ಟಿನ ಉಂಡೆಯನ್ನು ಅಜ್ಜಿ ಬಾಳೆಲೆಯ ತುಂಡಿನ ಮೇಲಿಟ್ಟು, ಒಂದು ಕೈಯಲ್ಲಿ ಎಲೆ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ತಟ್ಟಿದಳು. ಅಮ್ಮ ನನ್ನ ಮುಖ ನೋಡಿದಳು. ನಮ್ಮ ಅಕ್ಕಿ ರೊಟ್ಟಿ ತಟ್ಟುವುದು ಹೀಗೆಯೇ ಅಲ್ವಾ! ಅಮ್ಮನೂ ತಟ್ಟಿದಳು. ಮೊದಲನೆಯದರ ಅಂಚು ಒಡೆಯಿತು. ಈ ಹಿಟ್ಟಿಗೆ ಅಕ್ಕಿಹಿಟ್ಟಿನ ಅಂಟು ಇಲ್ಲ, ಕೈ ಹಗುರ ಬೇಕು. ಮೂರನೆಯದು ಕಾವಲಿಯ ಮೇಲೆ ಪೂರಿಯ ಹಾಗೆ ಉಬ್ಬಿತು. ಅಜ್ಜಿ ಚಪ್ಪಾಳೆ ತಟ್ಟಿ ಏನೋ ಅಂದಳು, ಮನೆಯವರೆಲ್ಲ ನಕ್ಕರು. ಟೋರ್ಟಿಯಾ, ಅಂದರೆ ಈ ಜೋಳದ ರೊಟ್ಟಿ, ಉಬ್ಬಿದರೆ ಹುಡುಗಿ ಮದುವೆಗೆ ತಯಾರಾದಳು ಅಂತ ಅಲ್ಲಿನ ಮಾತು. ಅರ್ಥ ಹೇಳಿದಾಗ ಅಮ್ಮ ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಊಟಕ್ಕೆ ಕರಿ ಅವರೆಯಂಥ ಕಾಳಿನ ಸಾರು, ಚಾಯಾ ಸೊಪ್ಪಿನ ಪಲ್ಯ, ಮತ್ತೆ 'ಸಿಕಿಲ್ ಪಾಕ್'. ಸಿಕಿಲ್ ಎಂದರೆ ಕುಂಬಳ ಬೀಜ, ಪಾಕ್ ಎಂದರೆ ಟೊಮೆಟೊ. ಹುರಿದ ಬೀಜ, ಸುಟ್ಟ ಟೊಮೆಟೊ ಸೇರಿಸಿ ಅರೆದದ್ದು. ನಮ್ಮ ಸುಟ್ಟ ಬದನೆ ಗೊಜ್ಜಿನ ನೆಂಟ. ಸಸ್ಯಾಹಾರಿಗಳಿಗೆ ಒಂದು ಮಾತು: ಕಾಳಿನ ಸಾರಿಗೆ ಇಲ್ಲಿ ಹಂದಿಯ ಕೊಬ್ಬು ಹಾಕುವುದು ರೂಢಿ. 'ಸಿನ್ ಮಾಂತೇಕಾ' ಎಂದು ಮೊದಲೇ ಹೇಳಿಡಿ. ನಾವು ಹಿಂದಿನ ದಿನವೇ ಹೇಳಿದ್ದೆವು, ಅಜ್ಜಿ ನಮಗೆಂದು ಬೇರೆಯೇ ಮಾಡಿದ್ದಳು. ಚಾಯಾ ಸೊಪ್ಪನ್ನು ಹಸಿಯಾಗಿ ತಿನ್ನಬಾರದು, ವಿಷದ ಅಂಶ ಇದೆ. ಬೇಯಿಸಿದರೆ ಹೋಗುತ್ತದೆ. ಕೆಸುವಿನ ಸೊಪ್ಪು ತಿಂದು ಬೆಳೆದ ನಮಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ.

ಹಿತ್ತಲಿನಲ್ಲಿ ಒಂದು ಸುತ್ತು ಹಾಕಿದೆವು. ಪಪ್ಪಾಯಿ, ಪೇರಳೆ, ಸೀತಾಫಲ, ಮೆಣಸಿನಕಾಯಿ. ಅಮ್ಮ ಒಂದೊಂದನ್ನೂ ಹೆಸರು ಹಿಡಿದು ಮಾತಾಡಿಸಿದಳು. ನಮ್ಮ ಹಿತ್ತಲಿನದೆಂದು ನಾವು ತಿಳಿದ ಈ ಗಿಡಗಳ ತವರು ಈ ಖಂಡ. ಆಮೇಲೆ ಒಂದು ದೊಡ್ಡ ಮರ. ಕಾಂಡದ ಮೇಲೆ ಅಡ್ಡಾದಿಡ್ಡಿ ಕತ್ತಿಯ ಗಾಯಗಳು ಒಣಗಿ ಕಪ್ಪಾಗಿದ್ದವು. ಎಲೆ ನೋಡಿದ ಅಮ್ಮ "ಚಿಕ್ಕು!" ಅಂದಳು. ಹೌದು, ನಮ್ಮ ಸಪೋಟವೇ. ಆ ಹೆಸರು ಬಂದದ್ದೇ ಇಲ್ಲಿನ 'ಸಪೋತೆ'ಯಿಂದ. ಇದರ ಹಾಲಿಗೆ 'ಚಿಕ್ಲೆ' ಎಂದು ಹೆಸರು. ಚೂಯಿಂಗ್ ಗಮ್ ಪ್ರಪಂಚಕ್ಕೆಲ್ಲ ಹಬ್ಬಿದ್ದು ಇದರಿಂದ. ಮಳೆಗಾಲದಲ್ಲಿ ಕಾಡಿಗೆ ಹೋಗಿ ಹಾಲು ಇಳಿಸುವುದು ಗೈಡ್‌ನ ಅಜ್ಜನ ಕಸುಬಾಗಿತ್ತಂತೆ. ಮರವೂ ಎಷ್ಟು ಗಟ್ಟಿ ಅಂದರೆ, ಸಾವಿರ ವರ್ಷದ ಹಿಂದೆ ದೇವಾಲಯಗಳ ಬಾಗಿಲ ಮೇಲೆ ಇಟ್ಟ ಚಿಕ್ಕು ಮರದ ತೊಲೆಗಳು ಕೆಲವು ಕಡೆ ಇನ್ನೂ ಇವೆ.

ಚಪ್ಪರದ ಅಡಿಯಲ್ಲಿ ಅಡ್ಡಡ್ಡ ಪೇರಿಸಿದ ಮರದ ಬೊಡ್ಡೆಗಳು. ಎರಡೂ ತುದಿ ಮರದ ಬಿಲ್ಲೆಯಿಂದ ಮುಚ್ಚಿ ಮಣ್ಣು ಮೆತ್ತಿತ್ತು. ನಡುವೆ ಬೆರಳು ತೂರುವಷ್ಟು ತೂತು, ತೂತಿನಲ್ಲಿ ಕಾವಲಿಗೆ ಕೂತ ಒಂದು ಪುಟ್ಟ ಜೇನು. ಅಮ್ಮ ಬಗ್ಗಿ ನೋಡಿ ಕೂಗಿಯೇಬಿಟ್ಟಳು. "ಇದು ಮುಜಂಟಿ ಅಲ್ವಾ ಮಾರಾಯ್ತಿ!"

ಅದೇ ಅಲ್ಲ, ಆದರೆ ಅದರ ದಾಯಾದಿ. ಚುಚ್ಚದ ಜೇನು. ನಮ್ಮ ಮುಜಂಟಿಗಿಂತ ದೊಡ್ಡದು. ಮಾಯಾ ಭಾಷೆಯಲ್ಲಿ 'ಶುನಾನ್ ಕಾಬ್', ಜೇನಮ್ಮ ಎನ್ನಬಹುದು. ಒಂದು ಬೊಡ್ಡೆಯಿಂದ ವರ್ಷಕ್ಕೆ ಒಂದೆರಡು ಲೀಟರ್ ಸಿಕ್ಕಿದರೆ ಹೆಚ್ಚು. ಕಣ್ಣಿಗೆ, ಕೆಮ್ಮಿಗೆ, ಬಾಣಂತಿಯರಿಗೆ ಮದ್ದು. ಅಜ್ಜಿ ಒಂದು ಕಡ್ಡಿಯಲ್ಲಿ ಅದ್ದಿ ಕೊಟ್ಟಳು. ತೆಳ್ಳಗೆ, ಸಿಹಿಯ ಜೊತೆ ಚೂರು ಹುಳಿ. ಅಮ್ಮ ಕಣ್ಣು ಮುಚ್ಚಿಕೊಂಡಳು. ನಮ್ಮ ಅಜ್ಜನ ಮನೆಯಲ್ಲಿ ಬಿದಿರಿನ ಅಂಡೆಯಲ್ಲಿ ಮುಜಂಟಿ ಸಾಕುತ್ತಿದ್ದರು. ಶೀತವಾದರೆ ಒಂದು ಚಮಚ, ಅದಕ್ಕಿಂತ ಜಾಸ್ತಿ ಯಾರಿಗೂ ಸಿಗುತ್ತಿರಲಿಲ್ಲ.

ಈ ಜೇನು ಸಾಕಣೆಯ ಚಿತ್ರಗಳು ಮಾಯಾ ಜನರ ಹಳೆಯ ಪುಸ್ತಕವೊಂದರಲ್ಲೂ ಇವೆ. ಅದು ಈಗ ಮ್ಯಾಡ್ರಿಡ್‌ನಲ್ಲಿದೆ. ಅವರ ಪುಸ್ತಕ ನಮ್ಮ ಕಡತದ ಹಾಗೆ, ಮಡಚಿ ಮಡಚಿ ಇಡುವಂಥದು. ನಮ್ಮವರು ಬಟ್ಟೆಗೆ ಹುಣಸೆಬೀಜದ ಅಂಟು, ಮಸಿ ಬಳಿದು ಕಪ್ಪು ಮಾಡಿದರು. ಇವರು ಮರದ ತೊಗಟೆಯ ಕಾಗದಕ್ಕೆ ಸುಣ್ಣ ಬಳಿದು ಬಿಳಿ ಮಾಡಿದರು. ಅಲ್ಲೂ ಸುಣ್ಣವೇ. 1562ರಲ್ಲಿ ಮಾನಿ ಎಂಬ ಊರಿನಲ್ಲಿ ದಿಯೆಗೊ ದೆ ಲಾಂಡಾ ಎಂಬ ಪಾದ್ರಿ ಇಂಥ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಇಂದು ಪ್ರಪಂಚದಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು. ಪುಸ್ತಕ ಸುಟ್ಟರು, ಆದರೆ ಜೇನು ಸಾಕುವುದನ್ನು ಅಜ್ಜಿಯರು ಬಿಡಲಿಲ್ಲ. ಬೊಡ್ಡೆಯ ಮುಂದೆ ನಿಂತಾಗ ನನ್ನ ಗಂಟಲು ಕಟ್ಟಿತು.

ಈಜಲು ಹೋಗುವ ಮೊದಲು ಊರಿನ ಒಬ್ಬ ಹಿರಿಯರು ಬಂದರು. ಅವರು 'ಹ್‌ಮೆನ್', ಊರಿನ ಪೂಜೆ, ಮದ್ದು ಎರಡನ್ನೂ ತಿಳಿದವರು. ನೀರಿಗೆ ಇಳಿಯುವ ಮೊದಲು ಆ ಜಾಗವನ್ನು ಕಾಯುವವರ ಅಪ್ಪಣೆ ಕೇಳಬೇಕು. ಫೋಟೋ ಬೇಡ ಅಂದರು, ನಾವು ಫೋನ್ ಒಳಗಿಟ್ಟೆವು. ಕೆಂಡದ ಮೇಲೆ ಕೋಪಾಲ್ ಎಂಬ ಮರದ ಅಂಟು ಹಾಕಿದರು. ಬಿಳಿ ಹೊಗೆ ಎದ್ದಿತು. ನಮ್ಮ ಧೂಪದ ಮರದ ರಾಳದ್ದೇ ಪರಿಮಳ. ನಾಲ್ಕು ದಿಕ್ಕಿಗೂ ತಿರುಗಿ ಮೆಲ್ಲಗೆ ಏನೋ ಹೇಳಿಕೊಂಡರು. ಪೂರ್ವಕ್ಕೆ ಕೆಂಪು, ಉತ್ತರಕ್ಕೆ ಬಿಳಿ, ಪಶ್ಚಿಮಕ್ಕೆ ಕಪ್ಪು, ದಕ್ಷಿಣಕ್ಕೆ ಹಳದಿ, ನಡುವೆ ಹಸಿರು. ಐದು ನಿಮಿಷದಲ್ಲಿ ಮುಗಿಯಿತು.

ಮಳೆ ತಡವಾದರೆ ಇವರೇ ದೊಡ್ಡ ಪೂಜೆ ಮಾಡುತ್ತಾರಂತೆ. ಮಳೆದೇವರು ಚಾಕ್. ಪೀಠದ ನಾಲ್ಕು ಕಾಲುಗಳ ಹತ್ತಿರ ನಾಲ್ಕು ಹುಡುಗರನ್ನು ಕೂರಿಸುತ್ತಾರೆ, ಅವರು ಕಪ್ಪೆಗಳ ಹಾಗೆ ವಟಗುಟ್ಟಬೇಕು. ನಮ್ಮಲ್ಲಿ ಮಳೆ ಬರದಿದ್ದರೆ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ ಎಂದು ಅಮ್ಮ ಹೇಳಿಸಿದಳು. ಹಿರಿಯರು ನಗಲಿಲ್ಲ. ಗಂಭೀರವಾಗಿ ತಲೆಯಾಡಿಸಿ, "ಹಾಗೂ ಮಾಡಬಹುದು" ಅಂದರು.

ಸೆನೋಟೆಯ ಹೆಸರು ಷ್‌ಕಾಂಚೆ. ಎಕ್ ಬಲಾಮ್‌ನಿಂದ ಒಂದೂವರೆ ಕಿಲೋಮೀಟರ್ ಕಾಡಿನೊಳಗೆ. ಸೈಕಲ್ಲಿನಲ್ಲಿ ಹೋಗಬಹುದು. ಅಮ್ಮನನ್ನು ಮುಂದೆ ಸೀಟಿರುವ ಮೂರು ಚಕ್ರದ ಸೈಕಲ್ಲಿನಲ್ಲಿ ಕೂರಿಸಿದರು. ನೀರಿಗಿಳಿಯುವ ಮೊದಲು ಎಲ್ಲರೂ ಸ್ನಾನ ಮಾಡಬೇಕು. ಸನ್‌ಸ್ಕ್ರೀನ್, ಎಣ್ಣೆ, ಅತ್ತರು ಏನೂ ಮೈಮೇಲೆ ಇರಬಾರದು. ಈ ನೀರು ಒಂದು ಕಡೆಯದಲ್ಲ, ಅಡಿಯಲ್ಲಿ ಎಲ್ಲಾ ಸೇರಿಕೊಂಡಿದೆ. ಇಲ್ಲಿ ಕೊಳೆ ಮಾಡಿದರೆ ಇನ್ನೊಬ್ಬರ ಬಾವಿಗೆ ಹೋಗುತ್ತದೆ. ದಯವಿಟ್ಟು ಇದೊಂದನ್ನು ಪಾಲಿಸಿ.

ಮರದ ಮೆಟ್ಟಿಲು ಇಳಿದಂತೆ ಗಾಳಿ ತಣ್ಣಗಾಯಿತು. ದುಂಡನೆಯ ದೊಡ್ಡ ಬಾವಿ. ಸುತ್ತ ಬಿಳಿ ಕಲ್ಲಿನ ಗೋಡೆ. ಮೇಲಿನ ಅಂಚಿನಲ್ಲಿ ನಿಂತ ಮರಗಳ ಬೇರು ಹಗ್ಗದ ಹಾಗೆ ನೀರಿನವರೆಗೆ ಇಳಿದಿದ್ದವು. ಅಮ್ಮ ಆ ಬೇರುಗಳನ್ನೇ ನೋಡಿದಳು. ಮರ ಎಲ್ಲಿಂದ ನೀರು ಕುಡಿಯುತ್ತದೆ ಎಂದು ಬಸ್ಸಿನಲ್ಲಿ ಕೇಳಿದ್ದಳಲ್ಲ, ಉತ್ತರ ಕಣ್ಣೆದುರೇ ಇತ್ತು. ಗೋಡೆಯ ಪೊಟರೆಯಿಂದ ಒಂದು ಹಕ್ಕಿ ಹಾರಿ ಕೊಂಬೆಯ ಮೇಲೆ ಕೂತಿತು. ನೀಲಿ ಹಸಿರು ಮೈ. ಬಾಲದಲ್ಲಿ ನಮ್ಮ ಭೀಮರಾಜನ ಹಾಗೆ ಎರಡು ಉದ್ದ ಗರಿ, ತುದಿಯಲ್ಲಿ ಬಿಲ್ಲೆ. ಕೂತಲ್ಲೇ ಬಾಲವನ್ನು ಗಡಿಯಾರದ ಲೋಲಕದಂತೆ ಆಡಿಸುತ್ತಿತ್ತು. ಇದು 'ತೋ' ಹಕ್ಕಿ. ತೋ ಕಂಡರೆ ಹತ್ತಿರ ಸೆನೋಟೆ ಇದೆ ಅಂತ ಲೆಕ್ಕ.

ಅಮ್ಮ ಕಾಲು ಇಳಿಬಿಟ್ಟು ಕೂರುತ್ತಾಳೆ ಅಂದುಕೊಂಡಿದ್ದೆ. ಅವಳು ಲೈಫ್ ಜಾಕೆಟ್ ಕೇಳಿದಳು.

"ಅಮ್ಮಾ, ನಿಂಗೆ ಈಜು ಬರುತ್ತಾ?"

"ತೋಟದ ಕೆರೆಯಲ್ಲಿ ಕಲಿತದ್ದು. ಎರಡು ಒಣ ತೆಂಗಿನಕಾಯಿ ಬೆನ್ನಿಗೆ ಕಟ್ಟಿ ಅಪ್ಪ ದೂಡಿದ್ದರು. ಮದುವೆಯಾದ ಮೇಲೆ ಯಾರು ಬಿಟ್ಟಾರು?"

ಅಷ್ಟು ವರ್ಷದಲ್ಲಿ ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಸೀರೆ ಬದಲಿಸಿ ತೊಟ್ಟ ಚೂಡಿದಾರದ ಮೇಲೆ ಜಾಕೆಟ್ ಬಿಗಿದುಕೊಂಡು, ಕಂಬಿ ಹಿಡಿದು, ಮೂರು ಸಲ ನೀರನ್ನು ತಲೆಗೆ ಚಿಮುಕಿಸಿಕೊಂಡು ಇಳಿದಳು. ಒಂದು ಗಳಿಗೆ ಉಸಿರು ಹಿಡಿದಳು. ಆಮೇಲೆ ಕೈ ಬಿಟ್ಟಳು. ಕಾಲು ತಾನಾಗಿ ಬಡಿಯತೊಡಗಿತು. ನಲವತ್ತೈದು ವರ್ಷದ ಮೇಲೆ ಅಮ್ಮ ಈಜಿದಳು. ಬಾವಿಯ ನಡುವೆ ಹೋಗಿ ಮಲಗಿ ತೇಲಿದಳು. ಬೆಳ್ಳಿ ಕೂದಲು ನೀರಿನ ಮೇಲೆ ಹರಡಿತ್ತು. ಮೇಲಿನ ದುಂಡನೆಯ ಆಕಾಶದಿಂದ ಬಿಸಿಲು ಅ‍ವಳ ಮುಖದ ಮೇಲೆ ಬೀಳುತ್ತಿತ್ತು. ಯಾರೂ ಸೀಟಿ ಊದಲಿಲ್ಲ. ನಾವು ಒಂದೂವರೆ ಗಂಟೆ ನೀರಿನಲ್ಲಿದ್ದೆವು.

ಮೂರನೇ ದಿನ

ಮಾಯಾ ಜನರ ಹಳೆಯ ರಾಜಧಾನಿ ಚಿಚೆನ್ ಇಟ್ಜಾಗೆ ಎಂಟಕ್ಕೆ ಬಾಗಿಲು ತೆರೆಯುವಾಗಲೇ ಹೋಗಿಬಿಡಿ. ಹತ್ತೂವರೆಗೆ ಸಮುದ್ರದ ಬದಿಯ ಬಸ್ಸುಗಳು ಬರುತ್ತವೆ, ಆಮೇಲೆ ಏನೂ ಕೇಳಿಸುವುದಿಲ್ಲ.

ಕುಕುಲ್ಕನ್‌ನ ಪಿರಮಿಡ್ ಬಗ್ಗೆ ಬಹಳ ಜನ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ಗರಿಗಳಿರುವ ಹಾವಿನ ರೂಪದ ದೇವರು ಅವನು. ನಾಲ್ಕು ಕಡೆ 91 ಮೆಟ್ಟಿಲು, ಮೇಲೊಂದು ಹಂತ, ಒಟ್ಟು 365. ಈಗ ಹತ್ತುವ ಹಾಗಿಲ್ಲ. ಹಗಲು ರಾತ್ರಿ ಸಮನಾಗುವ ದಿನಗಳಲ್ಲಿ ಸಂಜೆಯ ಬಿಸಿಲು ಮೆಟ್ಟಿಲಿನ ಬದಿಯಲ್ಲಿ ಹಾವು ಇಳಿದಂತೆ ನೆರಳು ಮೂಡಿಸುತ್ತದೆ. ಕೆಳಗೆ ಕಲ್ಲಿನ ಹಾವಿನ ತಲೆ ಬಾಯಿ ತೆರೆದು ಕಾದಿದೆ. ನಾಗಬನದ ಮುಂದೆ ಹಾದುಹೋಗುವಾಗ ಮಾಡುವಂತೆ ಅಮ್ಮ ಚಪ್ಪಲಿ ಬಿಟ್ಟು ಕೈ ಮುಗಿದಳು. ಎದುರು ನಿಂತು ಚಪ್ಪಾಳೆ ತಟ್ಟಿದರೆ ಮೆಟ್ಟಿಲುಗಳಿಂದ ಹಕ್ಕಿಯ ಕೂಗಿನಂಥ ದನಿ ಮರಳುತ್ತದೆ. ಅದು ಕೆಟ್ಸಾಲ್ ಹಕ್ಕಿಯ ದನಿ ಅನ್ನುತ್ತಾರೆ. ಅಮ್ಮ ಹತ್ತು ಸಲ ತಟ್ಟಿದಳು. ಪಕ್ಕದ ಚೆಂಡಾಟದ ಅಂಗಳ 168 ಮೀಟರ್ ಉದ್ದ. ಅಷ್ಟು ದೊಡ್ಡದರಲ್ಲಿ ನಿಂತು ನಾನು ಅಂದುಕೊಂಡದ್ದು, ನಿನ್ನೆಯ ಚಪ್ಪರದ ಅಡಿ ಇದಕ್ಕಿಂತ ಜಾಸ್ತಿ ಕಂಡೆ ಎಂದು.

ಆದರೆ ಈ ಊರಿನ ಹೆಸರಿನ ಅರ್ಥ ಅಮ್ಮನಿಗೆ ಬಹಳ ಹಿಡಿಸಿತು. ಚಿ ಎಂದರೆ ಬಾಯಿ, ಚೆನ್ ಎಂದರೆ ಬಾವಿ. ಇಟ್ಜಾ ಜನರ ಬಾವಿಯ ಬಾಯಿ. ಇಷ್ಟು ದೊಡ್ಡ ರಾಜಧಾನಿ, ಹೆಸರು ಮಾತ್ರ ಬಾವಿಯದು. ಪಿರಮಿಡ್‌ನ ಅಡಿಯಲ್ಲೇ ಒಂದು ಸೆನೋಟೆ ಇದೆ ಎಂದು 2015ರಲ್ಲಿ ಮೆಕ್ಸಿಕೋದ ವಿಜ್ಞಾನಿಗಳು ನೆಲಕ್ಕೆ ವಿದ್ಯುತ್ ಹಾಯಿಸಿ ಕಂಡುಕೊಂಡರು. ಉತ್ತರಕ್ಕೆ ಬಿಳಿ ದಾರಿಯಲ್ಲಿ ಹೋದರೆ ಇನ್ನೊಂದು ಸಿಗುತ್ತದೆ, ಅರವತ್ತು ಮೀಟರ್ ಅಗಲದ್ದು. ಇಲ್ಲಿ ಈಜುವ ಹಾಗಿಲ್ಲ. ಮಳೆದೇವರಿಗೆ ಚಿನ್ನ, ಪಚ್ಚೆಕಲ್ಲು, ಕೋಪಾಲ್ ಒಪ್ಪಿಸಿದ ಜಾಗ. ಮನುಷ್ಯರನ್ನೂ ಒಪ್ಪಿಸಿದ್ದಾರೆ, ಅವರಲ್ಲಿ ಮಕ್ಕಳೂ ಇದ್ದರು. 1904ರಿಂದ ಅಮೆರಿಕದ ಎಡ್ವರ್ಡ್ ಥಾಂಪ್ಸನ್ ಬಕೆಟ್ ಇಳಿಸಿ ಕೆಸರು ಎತ್ತಿದಾಗ ಎಲ್ಲ ಹೊರಬಂತು. ಹಸಿರು ನೀರು ಅಲುಗುತ್ತಿರಲಿಲ್ಲ. ಅಮ್ಮ ಮಾತಾಡಲಿಲ್ಲ. ಹೊರಡುವಾಗ, "ಮಳೆ ಬಾರದಿದ್ದರೆ ಎಷ್ಟು ಹೆದರಿರಬೇಕು ಆ ಜನ" ಅಂದಳು.

ಸಂಜೆಯ ಬಸ್ಸು ಹಿಡಿದು ಕ್ಯಾನ್‌ಕುನ್‌ಗೆ ಬಂದೆವು. ಹೊರಗೆ ಮತ್ತೆ ಅದೇ ಹೊಳೆಯಿಲ್ಲದ ಹಸಿರು. ಅಮ್ಮ ನಿದ್ದೆ ಮಾಡಲಿಲ್ಲ.

ಹ್ಯೂಸ್ಟನ್‌ಗೆ ಬಂದ ಮರುವಾರ ನಮ್ಮ ಮನೆ ಹತ್ತಿರದ ಮೆಕ್ಸಿಕನ್ ಅಂಗಡಿಯಿಂದ ಒಂದು ಚೀಲ ಒಣ ಜೋಳ, ಅಡುಗೆಗೆ ಬಳಸುವ ಸುಣ್ಣದ ಒಂದು ಪೊಟ್ಟಣ ತಂದೆವು. ಶನಿವಾರ ರಾತ್ರಿ ಕುದಿಸಿಟ್ಟೆವು. ಭಾನುವಾರ ಬೆಳಗ್ಗೆ ನಾನು ಏಳುವಾಗ ಅಮ್ಮ ಸಿಂಕಿನ ಮುಂದೆ ನಿಂತು ಜೋಳ ಉಜ್ಜುತ್ತಿದ್ದಳು. ಭುಜಕ್ಕೂ ಕಿವಿಗೂ ನಡುವೆ ಫೋನ್. ಊರಿನಲ್ಲಿ ಆಗ ಸಂಜೆ. ಮಾವನ ಜೊತೆ ಮಾತಾಡುತ್ತಿದ್ದಳು.

"ಕೆರೆಯಲ್ಲಿ ನೀರು ಎಷ್ಟುಂಟು? ನಾನು ಏಪ್ರಿಲಿಗೆ ಬರುವಾಗ ಇರ್ತದಾ? ಹಾಗಾದರೆ ಆ ಮೆಟ್ಟಿಲಿನ ಪಾಚಿ ಒಮ್ಮೆ ತೆಗೆಸಿ ಇಡು. ಎಂತಕ್ಕೆಂತ ಬಂದ ಮೇಲೆ ಹೇಳ್ತೇನೆ. ಮತ್ತೆ, ಎರಡು ಒಣ ಕಾಯಿ ತೆಗೆದಿಡು."